ಡಯಾಲಿಸಿಸ್ ವಾರ್ಡಿನ ಕಂಪ್ಯೂಟರ್ ಮತ್ತು ನೀಲವ್ವನ ಹಾಡುಗಳು

ನಿವೃತ್ತಳಾಗಿ ವರ್ಷಗಳೇ ಕಳೆದಿವೆ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ರಿಂಗಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅದರತ್ತ ಓಡುತ್ತೇನೆ. "ಈಗ ಯಾರ ಕಂಪ್ಯೂಟರ್ ಕೆಟ್ರ ನಿನಗೇನ? ಯಾಕ ಹಂಗ ಮಾರಿ ಸಣ್ಣ ಮಾಡ್ಕೋತಿ?" ಎಂದು ನನ್ನ ಯಜಮಾನರು ನಗುತ್ತಾರೆ. ಅವರು ಬ್ಯಾಂಕಿನಲ್ಲಿದ್ದವರು. ಸಂಜೆ ಬಾಗಿಲು ಮುಚ್ಚಿದರೆ ಅವರ ಕೆಲಸವೂ ಮುಚ್ಚುತ್ತಿತ್ತು. ನನ್ನದು ಹಾಗಿರಲಿಲ್ಲ.

ಈಗ ಈ ವೃತ್ತಿಗೆ ಬರುವ ಹುಡುಗರು, ಹುಡುಗಿಯರು ಮನೆಗೆ ಬಂದಾಗ ಯಾವ ಕೋರ್ಸು ಮಾಡಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಲು ನನಗಿಂತ ತಿಳಿದವರಿದ್ದಾರೆ. ನಾನು ಹೇಳಬಲ್ಲದ್ದು ಒಂದೇ: ಈ ಕೆಲಸದಲ್ಲಿ ದಿನದ ಬಹುಪಾಲು ಅಂಜಿಕೆಯಲ್ಲೇ ಕಳೆಯುತ್ತದೆ. ಕೆಟ್ಟದ್ದು ಏನೆಂದು ಗೊತ್ತಾದ ಮೇಲೆ ಅಂಜಿಕೆಯಿಲ್ಲ, ದುಡಿಮೆ ಮಾತ್ರ. ಗೊತ್ತಾಗುವವರೆಗಿನ ಹೊತ್ತೇ ಮನುಷ್ಯರನ್ನು ಅರೆಯುವುದು.

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ದುರಸ್ತಿಯ ಕೆಲಸಕ್ಕೆ ಸೇರಿದೆ. ಆಗ ಕಂಪ್ಯೂಟರ್ ಎಂದರೆ ಮನೆದೇವರ ಪಕ್ಕದ ಗೌರವ. ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋಗಬೇಕಿತ್ತು. ನನ್ನ ಮೊದಲ ಮೇಲಧಿಕಾರಿ ಮೇಟಿ ಸರ್. ಹೆಚ್ಚು ಮಾತಿಲ್ಲ, ಮಾತಾಡಿದರೆ ಬೈಗುಳವೇ ಜಾಸ್ತಿ. ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಿಂದ ದೂರು ಬಂತು. ಬೆಳಿಗ್ಗೆ ನೆಟ್ಟಗಿರುವ ಕಂಪ್ಯೂಟರ್ ಮಧ್ಯಾಹ್ನವಾದೊಡನೆ ತಾನಾಗಿ ಆರಿಹೋಗುತ್ತಿತ್ತು. ನಾನು ಹೋಗಿ ಕರೆಂಟು ನೋಡಿದೆ, ತಂತಿ ನೋಡಿದೆ, ಒಂದೊಂದೇ ಬಿಡಿಭಾಗ ಬದಲಿಸಿದೆ. ಮರುದಿನ ಮತ್ತೆ ಅದೇ ದೂರು. ಮೂರನೆಯ ಸಲ ಮೇಟಿ ಸರ್ ತಾವೇ ಬಂದರು. ಯಂತ್ರ ಮುಟ್ಟಲಿಲ್ಲ. ಸಾಹುಕಾರರು ಕೊಟ್ಟ ಚಹಾ ಕುಡಿಯುತ್ತ ಸುಮ್ಮನೆ ಕುಳಿತರು. ಹತ್ತಿ ತುಂಬಿದ ಗಾಡಿ ಬಂತು, ಅಂಗಡಿಯ ತುಂಬ ಎಳೆ ಹಾರತೊಡಗಿದವು. ಕೂಡಲೇ ಸಾಹುಕಾರರ ಹೆಂಡತಿ ಒಳಗಿನಿಂದ ಬಂದು, ಕೂಸಿಗೆ ಹಾಕುವ ಕುಂಚಿಗೆಯಂಥ ಹೊಲಿದ ಗವಸನ್ನು, ಓಡುತ್ತಿದ್ದ ಕಂಪ್ಯೂಟರಿಗೆ ಅಕ್ಕರೆಯಿಂದ ತೊಡಿಸಿದರು. ಉಸಿರು ಕಟ್ಟಿ, ಬಿಸಿಯೇರಿ ಅದು ಆರಿಹೋಗದೆ ಇನ್ನೇನಾದೀತು?

"ಮಷೀನ್ ಬಿಚ್ಚೂದು ಆಮ್ಯಾಲೆ. ಮೊದ್ಲ ಅದರ ಸುತ್ತ ಯಾರ್ ಏನ್ ಮಾಡ್ತಾರ ನೋಡು," ಎಂದರು ಮೇಟಿ ಸರ್. ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದೆಲ್ಲ ತಲೆಯಲ್ಲಿ ಉಳಿಯುವುದಿಲ್ಲ ಎಂಬುದು ಎಷ್ಟೋ ವರ್ಷಗಳ ಬಳಿಕ ಗೊತ್ತಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿಗೆ ಸೇರಿದೆ. ಅಲ್ಲಿ ಎಲ್ಲರೂ ನನ್ನನ್ನು ಸಿಸ್ಟಮ್ ಮೇಡಂ ಎನ್ನುತ್ತಿದ್ದರು. ಸುಮಿತ್ರಾ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಒಂದೊಂದು ಯಂತ್ರವೂ ಒಂದೊಂದು ಬಾವಿ. ಒಂದು ಕೆಟ್ಟರೆ ಅದೊಂದೇ ಕೆಟ್ಟಿತು. ಈಗ ಎಲ್ಲಕ್ಕೂ ತಂತಿ ಎಳೆದು ಜೋಡಿಸಿದ್ದರು. ರಕ್ತಪರೀಕ್ಷೆಯ ವರದಿ ಕೆಳಗಿನ ಲ್ಯಾಬಿನಲ್ಲಿ ಸಿದ್ಧವಾದರೆ ಮೇಲಿನ ವಾರ್ಡಿನಲ್ಲಿ ಬ್ರೌಸರ್ ತೆರೆದು ನೋಡಬಹುದಿತ್ತು. ಕಾಗದ ಹಿಡಿದು ಮೆಟ್ಟಿಲು ಹತ್ತಿಳಿಯುವ ಕೆಲಸ ತಪ್ಪಿತು ಎಂದು ಎಲ್ಲರಿಗೂ ಖುಷಿ. ಆದರೆ ಯಾರೂ ಮೆಟ್ಟಿಲು ಇಳಿಯದಿದ್ದರೆ ಇಡೀ ಆಸ್ಪತ್ರೆ ಆ ಪರದೆಯನ್ನೇ ನಂಬಬೇಕು. ಪರದೆ ಕೈಕೊಟ್ಟರೆ ಕೇಳುವುದು ನನ್ನನ್ನು.

ಎರಡನೇ ಮಹಡಿಯ ಡಯಾಲಿಸಿಸ್ ವಾರ್ಡಿನ ಕಂಪ್ಯೂಟರ್ ಕೈಕೊಡತೊಡಗಿದ್ದು ಒಂದು ಮಳೆಗಾಲದಲ್ಲಿ. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಂದವಾಗಿ, ಗುಂಡಿ ಒತ್ತಿದರೆ ಅಕ್ಷರ ಮೂಡಲು ಆಕಳಿಸುವಷ್ಟು ಹೊತ್ತು ಹಿಡಿದು, ಕೊನೆಗೆ ಕಲ್ಲಾಗಿಬಿಡುತ್ತಿತ್ತು. ಡಬ್ಬಿಯ ಮೇಲಿನ ಕೆಂಪು ದೀಪ ಒಂದೇ ಸಮ ಉರಿಯುತ್ತಿತ್ತು, ಒಳಗಿನಿಂದ ಕರಕರ ಸದ್ದು. ವಾರ್ಡಿನ ಮುಖ್ಯ ನರ್ಸ್ ಸುವರ್ಣಾ ಸಿಸ್ಟರ್ ಫೋನ್ ಮಾಡುತ್ತಿದ್ದರು: "ಮೇಡಂ, ಮತ್ತ ನಿಂತದ ನೋಡ್ರಿ." ನಾನು ಓಡಿ ಹೋಗುವಷ್ಟರಲ್ಲಿ ಅವರೇ ಆರಿಸಿ ಮತ್ತೆ ಹಚ್ಚಿರುತ್ತಿದ್ದರು. ಯಂತ್ರ ಏನೂ ಆಗಿಲ್ಲದಂತೆ ನೆಟ್ಟಗೆ ನಡೆಯುತ್ತಿತ್ತು.

ವೈರಸ್ ಇರಬೇಕೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದೆ. ಮರುದಿನ ಮಧ್ಯಾಹ್ನ ಫೋನ್ ಬಂತು. ಮೆಮೊರಿ ಸಾಲದೆಂದು ಇನ್ನಷ್ಟು ಹಾಕಿದೆ. ಮಧ್ಯಾಹ್ನ ನಿಲ್ಲುವುದು ಸಂಜೆಗೆ ಹೋಯಿತು. ಸಂಜೆ ಬಂದ ಫೋನು ಮೊದಲಿಗಿಂತ ಕೆಟ್ಟದು, ಏಕೆಂದರೆ ಅಷ್ಟರಲ್ಲಿ ನಾನು ಆಡಳಿತಾಧಿಕಾರಿ ಕುಲಕರ್ಣಿ ಸರ್‌ಗೆ ಸರಿಯಾಯಿತೆಂದು ಹೇಳಿಬಿಟ್ಟಿದ್ದೆ. ಅವರು ಎಂದೂ ಜೋರು ಮಾಡಿದವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಎದುರಿಗಿದ್ದವರು ತಾವಾಗಿ ಎದ್ದು ನಿಲ್ಲುತ್ತಿದ್ದರು. ಅಂದು ಕನ್ನಡಕ ತೆಗೆದರು.

"ಸರಿ ಆಗೇದ ಅಂತ ನೀವ ಹೇಳಿದ್ರಿ ಅಲ್ಲರಿ?"

"ಹೌದ್ರಿ ಸರ್."

"ಆಗಿಲ್ಲ ಅಂದ್ರ ಆಗಿಲ್ಲ ಅಂತನ ಹೇಳ್ರಿ. ಆಗೇದ ಅಂತ ನಂಬಿ ನಾ ಡಾಕ್ಟರಿಗೆ ಮಾತ ಕೊಟ್ಟೇನಿ."

ಆಮೇಲೆ ಇಡೀ ಡಬ್ಬಿಯನ್ನೇ ಬದಲಿಸಿದೆ. ಹೊಸ ಯಂತ್ರವೂ ಹಳೆಯದರ ದಾರಿ ಹಿಡಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಧಾರವಾಡದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಸ್ಸು ಹುಬ್ಬಳ್ಳಿಯ ಅಂಚಿನ ಉಣಕಲ್ ಕೆರೆ ದಾಟಿತೆಂದರೆ ಕೈಚೀಲದೊಳಗಿನ ಫೋನ್ ಮೇಲೆ ಕೈ ಹೋಗುತ್ತಿತ್ತು. ರಿಂಗಾಗದಿದ್ದರೂ ರಿಂಗಾದಂತೆ ಕೇಳುತ್ತಿತ್ತು. ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳುತ್ತಿತ್ತು.

ಹೆದರಿದ್ದು ಒಂದು ದಿನ ಆಗಿಯೇ ಹೋಯಿತು. ಹತ್ತಿರದ ಸುಳ್ಳ ಗ್ರಾಮದ ನೀಲವ್ವ ಎಂಬ ಹಿರಿಯ ಹೆಂಗಸು ಆ ವಾರ್ಡಿಗೆ ಬರುತ್ತಿದ್ದರು. ಅವರ ಮಗ ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಅಂದು, ಬಸ್ ಸಿಗದೆ ಹಿಂದಿನ ಡಯಾಲಿಸಿಸ್ ಸರದಿ ತಪ್ಪಿದ ಮೇಲೆ ಬಂದಿದ್ದರು. ಮುಖ ಬಾತಿತ್ತು, ಕಾಲಲ್ಲಿ ಬಲವಿರಲಿಲ್ಲ. ಡಾಕ್ಟರ್ ಪಾಟೀಲರು ರಕ್ತದ ಮಾದರಿ ಕಳಿಸಿ, ಪೊಟ್ಯಾಸಿಯಮ್ ಎಷ್ಟಿದೆ ನೋಡಿ ಕೂಡಲೇ ಹೇಳಿ ಎಂದರು. ಅದು ಏರಿದರೆ ಹೃದಯ ಹಠಾತ್ತನೆ ನಿಲ್ಲಬಹುದು. ವರದಿ ಲ್ಯಾಬಿನಲ್ಲಿ ಸಿದ್ಧವಾಗಿತ್ತು. ವಾರ್ಡಿನ ಪರದೆ ಮಾತ್ರ ಕಲ್ಲು. ಲ್ಯಾಬಿನ ಫೋನ್ ಬೇರೆ ಕರೆಯಲ್ಲಿತ್ತು. ನಾನು ತಲುಪಿದಾಗ ಸುವರ್ಣಾ ಸಿಸ್ಟರ್ ಮೆಟ್ಟಿಲು ಇಳಿದು ಓಡುತ್ತಿದ್ದರು. ಡಾಕ್ಟರು ನೀಲವ್ವನ ನಾಡಿ ಹಿಡಿದು ನಿಂತಿದ್ದರು. ನನಗೆ ಮಾಡಲು ಏನೂ ಇರಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿ, ಅದು ಏಳುವುದನ್ನು ನೋಡುತ್ತ ನಿಂತೆ. ಒಂದು ಯಂತ್ರ ಏಳಲು ಅಷ್ಟು ಹೊತ್ತು ಬೇಕೆಂದು ನನಗೆ ಆ ಮೊದಲು ಎಂದೂ ಅನ್ನಿಸಿರಲಿಲ್ಲ.

ಸಿಸ್ಟರ್ ಏದುಸಿರು ಬಿಡುತ್ತ ಬಂದು ಅಂಕಿ ಹೇಳಿದರು. ಏರಿತ್ತು. ಇಂಜೆಕ್ಷನ್ ಕೊಟ್ಟು ಡಯಾಲಿಸಿಸ್ ಶುರು ಮಾಡಿದರು. ನೀಲವ್ವ ಪಾರಾದರು. ಡಾಕ್ಟರು ಕೈ ತೊಳೆದು ಬಂದು ನನ್ನನ್ನು ನೋಡಿದರು. "ಮೇಡಂ, ಈ ಡಬ್ಬಿ ನಂಬ್ಕೊಂಡ ಕುಂತ್ರ ಒಂದಿನ ಯಾರರ ಹೋಗಿಬಿಡ್ತಾರ ನೋಡ್ರಿ," ಎಂದರು. ಸಿಟ್ಟಿನಿಂದಲ್ಲ, ದಣಿವಿನಿಂದ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನದಿಂದ ಬೇರೆ ಕೆಲಸ ಬಿಟ್ಟು ಆ ವಾರ್ಡಿನಲ್ಲೇ ಕುಳಿತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆಯ ಮುಂದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆ ಮರುದಿನವೂ ನಿಲ್ಲಲಿಲ್ಲ. ಊಟಕ್ಕೆಂದು ಕೆಳಗೆ ಹೋಗಿ ತುಸು ತಡವಾದರೆ ಮಂದವಾಗಿರುತ್ತಿತ್ತು. ನನ್ನ ತಲೆಯೇ ಕೆಟ್ಟಿತೇನೋ ಅನ್ನಿಸಿತು. ಮನುಷ್ಯರ ಮುಖ ನೋಡಿ ನಡೆಯುವ ಯಂತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಗಟು ಬಿಡಿಸಿದವರು ನೀಲವ್ವ, ಅದೂ ನನ್ನ ಮೇಲಿನ ಬೇಸರದಿಂದ. ಅಂದು ಅವರ ಸರದಿ. ಮಂಚದ ಮೇಲೆ ಮಲಗಿದ್ದರು, ಎಡಗೈಯಲ್ಲಿ ಸೂಜಿಗಳು, ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ ತಿರುಗುತ್ತಿತ್ತು. ಬಹಳ ಹೊತ್ತು ನನ್ನನ್ನೇ ನೋಡಿ ಕೇಳಿದರು:

"ಯವ್ವಾ, ನೀ ಇನ್ನ ಎಷ್ಟೊತ್ತ ಕುಂದ್ರಾಕಿ?"

"ಯಾಕ್ರಿ ಅವ್ವಾರ?"

"ನೀ ಎದ್ದ ಹ್ವಾದ್ರ ಹಾಡ ಹಚ್ತಾರ. ನೀ ಬಂದ್ಯೆಂದ್ರ ಬಂದ್ ಮಾಡಿ ಸುಮ್ಮ ಕುಂದ್ರತಾರ. ಇವತ್ತ ಸೂಜಿ ಹಾಕಿದಾಗಿಂದ ಒಂದ ಹಾಡ ಇಲ್ಲ. ನನಗ ಎದಿ ಡಬಡಬ ಅನ್ನಾಕತ್ತೈತಿ."

ನಾನು ಸುವರ್ಣಾ ಸಿಸ್ಟರ್ ಕಡೆ ತಿರುಗಿದೆ. ಅವರು ಔಷಧಿ ಕಪಾಟಿನ ಹಿಂದಿನಿಂದ ಒಂದು ಜೊತೆ ಪುಟ್ಟ ಸ್ಪೀಕರ್ ತೆಗೆದು ತೋರಿಸಿದರು.

"ಸರ್‌ಗೆ ಹೇಳಬ್ಯಾಡ್ರಿ ಮೇಡಂ. ಆಫೀಸ್ ಕಂಪ್ಯೂಟರಿನ್ಯಾಗ ಹಾಡ ಹಚ್ಚಬಾರ್ದು ಅಂತ ನಮಗೂ ಗೊತ್ತದ. ಈ ಅವ್ವಾರು ಸೂಜಿ ನೋಡಿದ್ರ ಕೈ ಗಡಗಡ ನಡಗಸ್ತಿದ್ರು. ಹಿಡಕೊಳ್ಳಾಕ ಇಬ್ಬರ ಬೇಕಾಗ್ತಿತ್ತು. ಹಾಡ ಹಚ್ಚಿದ್ರ ತಾವ ಕೈ ಚಾಚತಾರ. ಮೊದ್ಲ ಇವರೊಬ್ಬರಿಗೆ ಅಂತ ಹಚ್ಚಿದ್ವಿ, ಈಗ ಎಲ್ಲಾರೂ ಕೇಳ್ತಾರ."

ಅಂತರ್ಜಾಲದಲ್ಲಿ ಹಾಡು ಕೇಳಿಸುವ ಒಂದು ತಾಣವಿತ್ತು. ಯಾರೋ ಪುಣ್ಯಾತ್ಮರು ಕಂಪನಿ ನಾಟಕದ ಹಳೆಯ ಹಾಡುಗಳನ್ನು ಅದಕ್ಕೆ ಏರಿಸಿದ್ದರು. ನೀಲವ್ವನ ತಂದೆ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಅವರಿಗೆ ಬೇಕಾದ್ದು ಅವೇ ಹಾಡುಗಳು. ಕ್ಯಾಸೆಟ್ಟಿನಲ್ಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

"ಹಚ್ಚರಿ ಸಿಸ್ಟರ್, ನಾ ನೋಡತೇನಿ," ಎಂದೆ. ಸ್ಪೀಕರಿನಿಂದ ಹಾರ್ಮೋನಿಯಂ ಎದ್ದಿತು. ನೀಲವ್ವ ಕಣ್ಣು ಮುಚ್ಚಿದರು. ನಾನು ಪರದೆಯ ಮೂಲೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದೆ. ಯಾವ ಕೆಲಸ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಕಿಟಕಿ ಅದು. ಮೊದಲ ಹಾಡು ಮುಗಿದು ಎರಡನೆಯದು ಶುರುವಾದಾಗ ಬ್ರೌಸರಿನ ಅಂಕಿ ಏರಿತು. ಇಳಿಯಲಿಲ್ಲ. ಮೂರನೆಯ ಹಾಡಿಗೆ ಇನ್ನೊಂದು ಮೆಟ್ಟಿಲು. ಹಾಡು ನಿಲ್ಲಿಸಿದರೂ ಇಳಿಯಲಿಲ್ಲ. ಹಾಡಿನ ಪುಟವನ್ನಷ್ಟೇ ಮುಚ್ಚಿದರೂ ಇಳಿಯಲಿಲ್ಲ. ತೆರೆದಿದ್ದ ಎಲ್ಲ ಪುಟ ಮುಚ್ಚಿ ಬ್ರೌಸರನ್ನೇ ಬಂದ್ ಮಾಡಿದಾಗ ಮಾತ್ರ ಅಷ್ಟೂ ಒಮ್ಮೆಗೇ ಬಿಡುಗಡೆಯಾಯಿತು.

ಇದನ್ನು ನಮ್ಮ ಕಸುಬಿನಲ್ಲಿ ಮೆಮೊರಿ ಸೋರಿಕೆ ಎನ್ನುತ್ತಾರೆ. ಹೆಸರು ಕೇಳಿ ಏನೋ ಸೋರಿಹೋಗುತ್ತದೆ ಎಂದುಕೊಳ್ಳಬೇಡಿ. ಲಗ್ನದ ಊಟ ನೆನೆಸಿಕೊಳ್ಳಿ. ಒಂದು ಪಂಕ್ತಿ ಎದ್ದ ಮೇಲೆ ಎಂಜಲೆಲೆ ಎತ್ತಿ, ನೆಲ ಒರೆಸಿ, ಅಲ್ಲೇ ಮುಂದಿನ ಪಂಕ್ತಿ ಕೂರಿಸುತ್ತಾರೆ. ಎಲೆ ಎತ್ತುವವರೇ ಇಲ್ಲದಿದ್ದರೆ ಎರಡನೆಯ ಪಂಕ್ತಿ ಪಡಸಾಲೆಗೆ ಹೋಗಬೇಕು, ಮೂರನೆಯದು ಅಂಗಳಕ್ಕೆ, ಆಮೇಲಿನದು ಬೀದಿಗೆ. ಆ ತಾಣ ಹಾಡು ಮುಗಿದ ಮೇಲೆ ಅದರ ಎಲೆ ಎತ್ತುತ್ತಿರಲಿಲ್ಲ. ಲ್ಯಾಬ್ ವರದಿ ತೆರೆಯುವುದೂ ಅದೇ ಬ್ರೌಸರಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ವರದಿಗೆ ಕೂರಲು ಜಾಗವೇ ಉಳಿಯುತ್ತಿರಲಿಲ್ಲ. ನನ್ನನ್ನು ಕಂಡೊಡನೆ ಸಿಸ್ಟರ್ ಗಾಬರಿಯಲ್ಲಿ ಎಲ್ಲವನ್ನೂ ಮುಚ್ಚುತ್ತಿದ್ದರು, ಯಂತ್ರ ಚೇತರಿಸಿಕೊಳ್ಳುತ್ತಿತ್ತು. ನಾನು ಬಂದರೆ ಕಾಯಿಲೆ ಓಡುತ್ತಿದ್ದುದು ಹೀಗೆ.

ಕಾರಣ ಸಿಕ್ಕ ಸಂತೋಷ ಕುಲಕರ್ಣಿ ಸರ್ ಕೋಣೆಯ ಬಾಗಿಲವರೆಗೆ ಇತ್ತು. ಸುಳ್ಳು ಹೇಳುವಂತಿರಲಿಲ್ಲ, ಹೇಳಿದೆ. ಅವರು ಕನ್ನಡಕ ತೆಗೆದರು. "ಹಾಡ ಕೇಳಲಿಕ್ಕೆ ದವಾಖಾನಿ ನಡಸಾಕತ್ತೇವೇನ್ರಿ ನಾವು? ಇವತ್ತ ಆ ಸೈಟ್ ಬಂದ್ ಮಾಡ್ರಿ." ರೋಗಿಗಳ ಮಾತೆತ್ತಿದೆ. "ಪೊಟ್ಯಾಸಿಯಮ್ ರಿಪೋರ್ಟ್ ಸಿಗಲಿಲ್ಲ ಅಂತ ಯಾರರ ಸತ್ರ, ಹಾಡ ಹಚ್ಚಿದ್ವಿ ಅಂತ ಹೇಳಲೇನು?" ಎಂದರು. ಅವರ ಮಾತು ತಪ್ಪಾಗಿರಲಿಲ್ಲ. ಅಂದೇ ಆ ತಾಣ ತೆರೆಯದಂತೆ ತಡೆ ಹಾಕಿದೆ. ಯಂತ್ರ ಸಂಜೆಯವರೆಗೂ ಅಲುಗಾಡಲಿಲ್ಲ.

ನೀಲವ್ವನ ಮುಂದಿನ ಸರದಿಯಂದು ಡಯಾಲಿಸಿಸ್ ಯಂತ್ರದ ಅಲಾರಂ ಸದ್ದು ಕೇಳಿ ಮೇಲೆ ಓಡಿದೆ. ಸೂಜಿ ಚುಚ್ಚಿದ ಕೈಯನ್ನು ಅವರು ಅಂಜಿ ಎಳೆದುಕೊಂಡಿದ್ದರು. ಸೂಜಿ ಜರುಗಿ ತೋಳು ನೀಲಿಗಟ್ಟಿ ಬಾತಿತ್ತು, ಸಿಸ್ಟರ್ ಹತ್ತಿ ಒತ್ತಿ ಹಿಡಿದಿದ್ದರು. ಡಾಕ್ಟರು ಬಂದು ಬೇರೆ ಕಡೆ ಸೂಜಿ ಹಾಕಿ ಅರ್ಧಂಬರ್ಧ ಮುಗಿಸಿದರು. ನೀಲವ್ವ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಗನಿಗೆ ಹೇಳಿದರು: "ಸಾಕಪ್ಪಾ. ನನ್ನ ಊರಿಗೆ ಕರ್ಕೊಂಡ ಹೋಗು. ನಾ ಇನ್ನ ಬರಾಂಗಿಲ್ಲ."

ಬರದಿದ್ದರೆ ಏನಾಗುತ್ತದೆಂದು ವಾರ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗ ಅವ್ವನ ಸೆರಗು ಸರಿಮಾಡಿ, ಅವರನ್ನು ಕರೆದುಕೊಂಡು ಹೊರಟ.

ಸಂಜೆ ಡಾಕ್ಟರ್ ಪಾಟೀಲರು ನನ್ನ ಕೋಣೆಗೇ ಬಂದರು. "ಹಾಡೂ ಬೇಕು, ರಿಪೋರ್ಟೂ ಬೇಕು. ಹೆಂಗ ಮಾಡ್ತೀರಿ ನನಗ ಗೊತ್ತಿಲ್ಲ. ಕುಲಕರ್ಣಿಯವರ ಸಂಗಾಟ ನಾ ಮಾತಾಡತೇನಿ," ಎಂದರು. ಏನು ಮಾತಾಡಿದರೋ ಗೊತ್ತಿಲ್ಲ. ಕುಲಕರ್ಣಿ ಸರ್ ಫೋನ್ ಮಾಡಿ, "ರಿಪೋರ್ಟಿನ ಮಷೀನಿಗೆ ಏನರ ಆದ್ರ ನಿಮ್ಮನ್ನ ಕೇಳತೇನಿ," ಎಂದಷ್ಟೇ ಹೇಳಿದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಉಗ್ರಾಣದಲ್ಲಿ ತೆಗೆದುಹಾಕಿದ್ದ ಒಂದು ಹಳೆಯ ಕಂಪ್ಯೂಟರಿನ ದೂಳು ಝಾಡಿಸಿದೆ. ವರದಿಯ ಯಂತ್ರದಲ್ಲಿ ತಡೆ ಹಾಗೇ ಇಟ್ಟು, ಈ ಮುದಿ ಡಬ್ಬಿಯನ್ನು ಹಾಡಿಗೆಂದೇ ವಾರ್ಡಿನ ಇನ್ನೊಂದು ಮೂಲೆಯಲ್ಲಿ ಹೂಡಿದೆ. ಇದರ ಮೆಮೊರಿ ಇನ್ನೂ ಕಡಿಮೆ, ಬೇಗ ತುಂಬುತ್ತಿತ್ತು. ಒಬ್ಬ ರೋಗಿ ಎದ್ದು ಇನ್ನೊಬ್ಬರು ಮಲಗುವಾಗ ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕೆಂದು ಸಿಸ್ಟರಿಗೆ ಹೇಳಿಕೊಟ್ಟೆ. ಆ ತಾಣದವರಿಗೂ ಮೇಲ್ ಬರೆದೆ: ಹಾಡು ಬದಲಾದಾಗಲೆಲ್ಲ ಮೆಮೊರಿ ಏರುತ್ತದೆ, ಪುಟ ಮುಚ್ಚಿದರೂ ಬಿಡುವುದಿಲ್ಲ, ದಯವಿಟ್ಟು ನೋಡಿ. ನಿಮ್ಮ ಪತ್ರ ತಲುಪಿದೆ ಎಂಬ ಒಂದು ಸಾಲು ಬಂತು. ಆಮೇಲೆ ಬಹಳ ತಿಂಗಳ ನಂತರ ಅವರ ಪುಟದ ರೂಪವೇ ಬದಲಾಗಿ, ಅಂಕಿ ಏರಿದಷ್ಟೇ ಇಳಿಯತೊಡಗಿತು. ನನ್ನ ಪತ್ರದಿಂದಲೋ, ಅವರ ಪಾಡಿಗೆ ಅವರೇ ಮಾಡಿದ್ದೋ, ಇಂದಿಗೂ ತಿಳಿಯದು.

ಯಂತ್ರ ಹೂಡಿದ್ದಾಯಿತು. ನೀಲವ್ವ ಬರಬೇಕಲ್ಲ? ಸುಳ್ಳದ ಅಂಗಡಿಗೆ ನಾನೇ ಫೋನ್ ಮಾಡಿದೆ. "ಹಾಡ ಮತ್ತ ಹಚ್ಚೇವಿ ಅಂತ ಅವ್ವಾರಿಗೆ ಹೇಳ್ರಿ," ಎಂದೆ. ಮಗ "ಹೇಳಿ ನೋಡತೇನ್ರಿ ಅಕ್ಕಾರ" ಎಂದ. ಸರದಿಯ ದಿನ ಬೆಳಿಗ್ಗೆಯಿಂದ ಕಿಟಕಿಯ ಬಳಿ ನಿಂತೆ. ಟೆಂಪೋ ಬಂದವು, ಆಟೋ ಬಂದವು, ಯಾರ್‍ಯಾರೋ ಇಳಿದರು. ಅವರ ಮಂಚ ಖಾಲಿಯೇ ಇತ್ತು. ಸಿಸ್ಟರ್ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಆ ಸರದಿ ಬೇರೆಯವರಿಗೆ ಕೊಡೋಣವೇ ಎಂದು ಡಾಕ್ಟರು ಕೇಳಿದ ಮೇಲೆ, ಮಗನ ಹೆಗಲು ಹಿಡಿದು ನೀಲವ್ವ ಮೆಟ್ಟಿಲು ಹತ್ತಿ ಬಂದರು. ಮುಖ ಮತ್ತೆ ಬಾತಿತ್ತು. ನನ್ನನ್ನು ಕಂಡು ನಿಂತರು.

"ನೀ ಇಲ್ಲೇ ಅದೀಯಲ್ಲ. ಹಾಡ ಹೆಂಗ ಹಚ್ತಾರ?"

"ಇವತ್ತ ನಾನ ಹಚ್ಚತೇನ್ರಿ ಅವ್ವಾರ."

ಹಾರ್ಮೋನಿಯಂ ಶುರುವಾದ ಮೇಲೆ ಅವರು ತಾವಾಗಿ ಕೈ ಚಾಚಿದರು. ಸೂಜಿ ಒಂದೇ ಸಲಕ್ಕೆ ಕೂತಿತು. ನಾನು ಎರಡೂ ಮೂಲೆಗಳ ನಡುವೆ ನಿಂತು ಒಮ್ಮೆ ಈ ಪರದೆ, ಒಮ್ಮೆ ಆ ಪರದೆ ನೋಡುತ್ತಿದ್ದೆ. ಅಂಕಿ ಏರುತ್ತಿತ್ತು. ನೀಲವ್ವನ ಸರದಿ ಮುಗಿಯುವವರೆಗಾದರೂ ತಡೆದೀತು ಎಂಬುದು ನನ್ನ ಲೆಕ್ಕ.

ತಡೆಯಲಿಲ್ಲ. ಒಂದು ಹಾಡಿನ ಪಲ್ಲವಿ ಮುಗಿದು ಚರಣ ಏರುತ್ತಿರುವಾಗ ದನಿ ತೊದಲಿತು, ಒಂದೇ ಅಕ್ಷರವನ್ನು ಕಚ್ಚಿ ಹಿಡಿಯಿತು, ನಿಂತಿತು. ಕೆಂಪು ದೀಪ, ಕರಕರ ಸದ್ದು. ನೀಲವ್ವ ಕಣ್ಣು ತೆರೆದರು. ಸೂಜಿಯಿದ್ದ ಕೈ ನಡುಗತೊಡಗಿತು. ಸುವರ್ಣಾ ಸಿಸ್ಟರ್ ಆ ಕೈ ಹಿಡಿಯಲು ಓಡಿದರು, ನಾನು ಕಂಪ್ಯೂಟರಿನ ಗುಂಡಿಯತ್ತ ಓಡಿದೆ. ಅದು ಎದ್ದು ಮತ್ತೆ ಹಾಡುವಷ್ಟರಲ್ಲಿ ಏನು ಬೇಕಾದರೂ ಆಗಿಬಿಡಬಹುದಿತ್ತು.

ಆಗ ನನ್ನ ಬೆನ್ನ ಹಿಂದೆ ಒಡಕು ದನಿಯೊಂದು ಆ ಚರಣವನ್ನು ನಿಂತಲ್ಲಿಂದಲೇ ಎತ್ತಿಕೊಂಡಿತು.

ನೀಲವ್ವ ಹಾಡುತ್ತಿದ್ದರು. ಉಸಿರು ಸಾಲುತ್ತಿರಲಿಲ್ಲ, ಅರ್ಧ ಸಾಲಿಗೆ ನಿಂತು, ಉಸಿರೆಳೆದು, ಮತ್ತೆ ಹಿಡಿಯುತ್ತಿದ್ದರು. ಸೂಜಿಯಿದ್ದ ಕೈ ಹಾಸಿಗೆಯ ಮೇಲೆ ಅಲುಗಾಡದೆ ಬಿದ್ದಿತ್ತು. ಇನ್ನೊಂದು ಕೈಯ ಬೆರಳುಗಳು ಹೊದಿಕೆಯ ಮೇಲೆ ಹಾರ್ಮೋನಿಯಂ ನುಡಿಸುವಂತೆ ಒತ್ತುತ್ತಿದ್ದವು. ಪಕ್ಕದ ಮಂಚದವರು ಕಬ್ಬಿಣದ ಸರಳಿನ ಮೇಲೆ ತಾಳ ಹಿಡಿದರು. ಬಾಗಿಲಲ್ಲಿ ಡಾಕ್ಟರು ಬಂದು ನಿಂತಿದ್ದರು. ಇನ್ನೊಂದು ಮೂಲೆಯ ವರದಿಯ ಯಂತ್ರದಲ್ಲಿ ಸಿಸ್ಟರೊಬ್ಬರು ಯಾರದೋ ವರದಿ ತೆರೆದರು. ಅದು ಕೂಡಲೇ ತೆರೆದುಕೊಂಡಿತು.

ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಹಾಡು ಮುಗಿಯುವವರೆಗೆ ಹಾಗೇ ನಿಂತೆ.

ಕೊನೆಯ ಸಾಲು ಮುಗಿಸಿ ನೀಲವ್ವ ತುಟಿ ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಹೂಂ, ಈಗ ಹಚ್ಚವಾ ನಿನ್ನ ಮಷೀನು. ನನಗ ದಮ್ಮ ಹತ್ತೇತಿ," ಎಂದರು.